ಕಾನೂನು ವಿದ್ಯಾರ್ಥಿಗಳಿಗೆ ಸುಸ್ಥಿರತೆಯ ಕೌಶಲ: ಕರಾವಳಿಯ ಕಾಲೇಜುಗಳಿಗೆ ಯಾವ ದಾರಿ ಒಗ್ಗುತ್ತದೆ?

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿತು. ಅಲ್ಲಿನ ಕುಟುಂಬಗಳಿಗೆ ಆಗ ತುರ್ತಾಗಿ ಬೇಕಿದ್ದ ಕಾನೂನು ತಿಳಿವಳಿಕೆ ಬಹಳ ದೊಡ್ಡದೇನೂ ಆಗಿರಲಿಲ್ಲ. ಹೋದ ತೋಟಕ್ಕೆ ಯಾವ ದಾಖಲೆ ತೆಗೆದಿಡಬೇಕು, ಬಾವಿ ನೀರಿನ ಪರೀಕ್ಷಾ ವರದಿಯನ್ನು ಯಾವ ಕಚೇರಿಯಲ್ಲಿ ಕೇಳಬೇಕು, ಹೊಣೆ ಯಾರದು, ಎಷ್ಟು ದಿನದೊಳಗೆ ಯಾರ ಮುಂದೆ ಹೋಗಬೇಕು, ಇಷ್ಟು. ಇದನ್ನು ಮನೆಯ ಜಗಲಿಯಲ್ಲಿ ಕೂತು ತುಳುವಿನಲ್ಲೋ ಕನ್ನಡದಲ್ಲೋ ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗಳು ನಮ್ಮ ತರಗತಿಗಳಿಂದ ಹೊರಬರುತ್ತಿದ್ದಾರೆಯೇ? ಸುಸ್ಥಿರತೆಯನ್ನು ಕಲಿಸುವ ಯಾವುದೇ ವಿಧಾನವನ್ನು ನಾನು ಅಳೆಯುವುದು ಈ ಪ್ರಶ್ನೆಯಿಂದ.

ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು 1957ರಿಂದ, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು 1974ರಿಂದ ಈ ಕರಾವಳಿಗೆ ವಕೀಲರನ್ನು ಕೊಡುತ್ತ ಬಂದಿವೆ. ಇಲ್ಲಿ ಕಲಿತವರು ನಾಳೆ ಬೈಕಂಪಾಡಿಯ ಕಾರ್ಖಾನೆಯ ಪರವಾಗಿಯೂ ನಿಲ್ಲಬಹುದು, ಬೆಂಗ್ರೆಯ ಮೀನುಗಾರರ ಪರವಾಗಿಯೂ ನಿಲ್ಲಬಹುದು. ಇಬ್ಬರಿಗೂ ಈ ಕೌಶಲ ಬೇಕು. ಹಾಗಾಗಿ ಈ ಬರಹ ಮುಖ್ಯವಾಗಿ ಕಾನೂನು ಅಧ್ಯಾಪಕರಿಗೆ, ಪ್ರಾಂಶುಪಾಲರಿಗೆ, ಜೊತೆಗೆ ತಮ್ಮ ಕಾಲೇಜಿನಲ್ಲಿ ಏನನ್ನು ಕೇಳಿ ಪಡೆಯಬೇಕೆಂದು ಯೋಚಿಸುವ ವಿದ್ಯಾರ್ಥಿಗಳಿಗೆ.

ಮೊದಲು ಕೌಶಲ ಎಂದರೆ ಏನೆಂದು ಹೇಳಿಬಿಡುತ್ತೇನೆ. ಯುನೆಸ್ಕೊ 2017ರಲ್ಲಿ ಸುಸ್ಥಿರತೆಯ ಶಿಕ್ಷಣಕ್ಕೆ ಎಂಟು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. ಒಂದಕ್ಕೊಂದು ಹೆಣೆದುಕೊಂಡದ್ದನ್ನು ಇಡಿಯಾಗಿ ನೋಡುವುದು, ಮುಂದೇನಾದೀತು ಎಂದು ಅಂದಾಜಿಸುವುದು, ಬೇರೆಯವರ ಜೊತೆ ಸೇರಿ ಕೆಲಸ ಮಾಡುವುದು, ಇಂಥವು ಅದರಲ್ಲಿವೆ. ನಮಗೆ ಇದು ಫಲ್ಗುಣಿ ನದಿಯ ದಡದಲ್ಲೇ ಕಾಣುತ್ತದೆ. ಪಚ್ಚನಾಡಿಯ ಕೊಳಕು ನೀರು ತೋಡಿನಲ್ಲಿ ಹರಿದು ಫಲ್ಗುಣಿಗೆ ಸೇರುತ್ತದೆ. ಕೆಳಗೆ ಮಳವೂರಿನ ಕಿಂಡಿ ಅಣೆಕಟ್ಟಿನಿಂದ ಊರುಗಳಿಗೆ ಕುಡಿಯುವ ನೀರು ಹೋಗುತ್ತದೆ. ಇನ್ನೂ ಕೆಳಗೆ ಕೈಗಾರಿಕಾ ಪ್ರದೇಶ. ಕೊನೆಗೆ ಅಳಿವೆ, ಮೀನುಗಾರಿಕೆ. ಮೇಲೆ ಘನತ್ಯಾಜ್ಯ ನಿಯಮಗಳು, ನಡುವೆ 1974ರ ಜಲ ಕಾಯ್ದೆ, ಕೆಳಗೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆ, ಅಲ್ಲಿಂದಾಚೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ಕಾಯ್ದೆ. ಅದೇ ನೀರಿಗೆ ನಾಲ್ಕು ಕಾನೂನು, ನಾಲ್ಕು ಕಚೇರಿ. ಮೇಲಿನ ತುದಿಯಲ್ಲಿ ಆದದ್ದಕ್ಕೆ ಕೆಳಗಿನ ತುದಿಯವರು ಯಾರನ್ನು ಕೇಳಬೇಕು ಎಂಬುದನ್ನು ಬಿಡಿಸಬಲ್ಲವರಿಗೆ ಆ ಸಾಮರ್ಥ್ಯ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಆಯ್ಕೆಗಳು. ಪ್ರತಿಯೊಂದರಲ್ಲೂ ನಾನು ನೋಡುವುದು ಮೂರು ಸಂಗತಿ. ಸೆಮಿಸ್ಟರ್ ಮುಗಿದಾಗ ವಿದ್ಯಾರ್ಥಿಯ ಕೈಯಲ್ಲಿ ಏನು ಉಳಿಯುತ್ತದೆ, ಅಧ್ಯಾಪಕರ ಸಮಯ ಎಷ್ಟು ಬೇಕು, ಅಂಕಪಟ್ಟಿಯಲ್ಲಿ ಅದಕ್ಕೆ ಜಾಗ ಇದೆಯೇ. ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡ ಕಾಲೇಜಿನಲ್ಲಿ ಅಂಕವಿಲ್ಲದ ಕಲಿಕೆ ಮೊದಲ ಇಂಟರ್ನಲ್ ಟೆಸ್ಟ್ ಬರುವಷ್ಟರಲ್ಲಿ ಬಿದ್ದುಹೋಗುತ್ತದೆ.

ಈಗಾಗಲೇ ಇರುವ ಪರಿಸರ ಕಾನೂನಿನ ಪೇಪರ್

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪರಿಸರ ಕಾನೂನು ಕಡ್ಡಾಯ ವಿಷಯ. ಕಲಿಸಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ಮುಗಿದಿದೆ. ಈ ಪೇಪರಿನಿಂದ ವಿದ್ಯಾರ್ಥಿಗೆ ಬುನಾದಿ ಸಿಗುತ್ತದೆ: ಪರಿಸರ ರಕ್ಷಣೆಯನ್ನು ಸರ್ಕಾರಕ್ಕೂ ನಾಗರಿಕರಿಗೂ ಹೊರಿಸುವ ಸಂವಿಧಾನದ 48ಎ ಮತ್ತು 51ಎ(ಜಿ) ವಿಧಿಗಳು, 1996ರ ವೆಲ್ಲೂರು ತೀರ್ಪಿನ ಮುನ್ನೆಚ್ಚರಿಕೆಯ ತತ್ವ, 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, ಈಚೆಗೆ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸುಪ್ರೀಂ ಕೋರ್ಟ್ ಗುರುತಿಸಿದ 2024ರ ರಂಜಿತ್‌ಸಿಂಹ್ ತೀರ್ಪು. ಬುನಾದಿ ಇಲ್ಲದೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

ಆದರೆ ಈ ಪೇಪರನ್ನೇ ನೆಚ್ಚಿಕೊಂಡು ಕೂರಬಾರದು. ಕಾರ್ಖಾನೆ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಒಂದೇ ಒಂದು ಸಮ್ಮತಿ ಪತ್ರವನ್ನು ಕಣ್ಣಾರೆ ನೋಡದೆ ಇದರಲ್ಲಿ ಒಳ್ಳೆಯ ಅಂಕ ತೆಗೆಯಬಹುದು. ಕಲಂಗಳೂ ಬದಲಾಗುತ್ತಲೇ ಇರುತ್ತವೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು ಎಂದು ಒಂದು ತಲೆಮಾರು ಬಾಯಿಪಾಠ ಮಾಡಿತು. ಜನ್ ವಿಶ್ವಾಸ್ ತಿದ್ದುಪಡಿ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿರುವುದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ. ಕಲಂ ನೆನಪಿಟ್ಟವರ ಓದು ಹಳತಾಯಿತು. ಹೊಸ ಅಧಿಸೂಚನೆ ಹುಡುಕಿ ಓದುವುದನ್ನು ಕಲಿತವರಿಗೆ ತೊಂದರೆಯೇ ಆಗಲಿಲ್ಲ.

ಎಲ್ಲ ಪೇಪರುಗಳೊಳಗೆ ಬೆರೆಸುವುದು

ತತ್ವದಲ್ಲಿ ಇದೇ ಅತ್ಯುತ್ತಮ. ಸುಸ್ಥಿರತೆ ಎಂಬುದು ಪರಿಸರ ವಕೀಲರ ಖಾಸಗಿ ಸ್ವತ್ತಲ್ಲ, ಆಸ್ತಿ ಪತ್ರ ಬರೆಯುವವರಿಗೂ ಕಂಪನಿ ಸಲಹೆಗಾರರಿಗೂ ಸೇರಿದ್ದು ಎಂದು ವಿದ್ಯಾರ್ಥಿಗೆ ಇದರಿಂದ ಗೊತ್ತಾಗುತ್ತದೆ. ಬೆರೆಸಲು ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ.

ಆಸ್ತಿ ಕಾನೂನಿನ ತರಗತಿಯನ್ನೇ ನೋಡಿ. ನೆರೆಹೊರೆಯ ಜಮೀನುಗಳ ನಡುವಿನ ಹಕ್ಕುಗಳ ಕುರಿತ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂನ ಉದಾಹರಣೆಗಳಲ್ಲಿ ಒಂದು ಹೀಗಿದೆ: ತನ್ನ ಜಮೀನಿನಲ್ಲಿ ಸಹಜವಾಗಿ ಹರಿಯುವ ಅಥವಾ ಇಂಗುವ ನೀರನ್ನು, ಅದು ಅಲ್ಲಿಗೆ ಬರುವ ಮೊದಲೇ, ಬೇರೆಯವರು ಅನುಚಿತವಾಗಿ ಕೆಡಿಸಬಾರದೆಂಬುದು ಪ್ರತಿಯೊಬ್ಬ ಮಾಲೀಕನ ಹಕ್ಕು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ದಕ್ಷಿಣ ಕನ್ನಡಕ್ಕೆ ಈ ಕಾಯ್ದೆ ಮೊದಲಿನಿಂದಲೂ ಅನ್ವಯ. ಬಾವಿ ನೀರಿನ ಹಕ್ಕು ಜಲ ಕಾಯ್ದೆಗಿಂತ ತೊಂಬತ್ತು ವರ್ಷ ಹಿಂದೆಯೇ ಪುಸ್ತಕದಲ್ಲಿತ್ತು. ಈ ಕಲಂ ಓದುವಾಗ ಎದುರು ಮನೆಯ ಶೌಚಗುಂಡಿಯ ಜಗಳ, ಮೇಲಿನ ಗುಡ್ಡದ ಕೆಂಪುಕಲ್ಲು ಕೋರೆಯಿಂದ ಗದ್ದೆಗೆ ಇಳಿದ ಕೆಸರು ಎಲ್ಲವೂ ವಿದ್ಯಾರ್ಥಿಗಳ ಬಾಯಲ್ಲೇ ಬರುತ್ತದೆ, ಯಾಕೆಂದರೆ ಅವರೆಲ್ಲ ಬಾವಿ ಇರುವ ಮನೆಗಳಿಂದ ಬಂದವರು.

ಕ್ರಿಮಿನಲ್ ಪ್ರಕ್ರಿಯೆಯ ತರಗತಿಯಲ್ಲಿ ಹೊಸ ಪ್ರಕ್ರಿಯಾ ಸಂಹಿತೆ ಬಿಎನ್‌ಎಸ್‌ಎಸ್‌ನ 152ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ 133, ಸಾರ್ವಜನಿಕ ಉಪದ್ರವ ನಿವಾರಣೆಗೆ ದಂಡಾಧಿಕಾರಿಯ ಆದೇಶ. ಹಣವಿಲ್ಲ ಎಂದು ಪುರಸಭೆ ಚರಂಡಿಯ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದ 1980ರ ರತ್ಲಾಮ್ ತೀರ್ಪು ಈ ಕಲಂನ ಕೂಸು. ಕಂಪನಿ ಕಾನೂನಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕೇಳುವ ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳಿಗೆ ಇದು 2022–23ರಿಂದ ಕಡ್ಡಾಯ. ಎಂಆರ್‌ಪಿಎಲ್ ಮತ್ತು ಕರ್ಣಾಟಕ ಬ್ಯಾಂಕ್ ಎರಡೂ ಮಂಗಳೂರಿನವು, ಎರಡೂ ಷೇರುಪೇಟೆಯಲ್ಲಿರುವವು. ಇವುಗಳ ವರದಿಯ ಆರನೇ ತತ್ವದ ಭಾಗವನ್ನು, ಅಂದರೆ ಪರಿಸರದ ಭಾಗವನ್ನು, ಅಕ್ಕಪಕ್ಕ ಇಟ್ಟು ಓದಿಸಿ. ತೈಲ ಶುದ್ಧೀಕರಣ ಘಟಕವೂ ಬ್ಯಾಂಕೂ ಒಂದೇ ನಮೂನೆಗೆ ಉತ್ತರ ಬರೆಯುವಾಗ ಯಾವ ಪ್ರಶ್ನೆ ಯಾರಿಗೆ ತಾಗುತ್ತದೆ, ಯಾವುದಕ್ಕೆ ಅಂಕಿಅಂಶ ಇದೆ, ಯಾವುದಕ್ಕೆ ಬರೀ ವಾಕ್ಯ ಇದೆ ಎಂದು ಗುರುತಿಸುವುದೇ ಒಳ್ಳೆಯ ಎರಡು ತಾಸಿನ ಪಾಠ.

ತೊಡಕು ಎಲ್ಲಿದೆಯೆಂದರೆ, ಇದಕ್ಕೆ ಎಲ್ಲ ಸಹೋದ್ಯೋಗಿಗಳ ಮನಸ್ಸು ಬೇಕು. ಎಲ್ಲರ ಕೆಲಸ ಎಂದಾದದ್ದು ಯಾರ ಕೆಲಸವೂ ಆಗದೆ ಉಳಿಯುತ್ತದೆ. ಪಠ್ಯಕ್ರಮ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಿಂದ ಬರುತ್ತದೆ, ಪ್ರಶ್ನೆಪತ್ರಿಕೆಯೂ ಅಲ್ಲಿಂದಲೇ. ಹಾಗಾಗಿ ನಿರ್ಣಯ ಮಾಡಿ ಸುತ್ತೋಲೆ ಹೊರಡಿಸುವುದಕ್ಕಿಂತ, ಒಪ್ಪುವ ಇಬ್ಬರು ಸಹೋದ್ಯೋಗಿಗಳಿಗೆ ತಯಾರಾದ ಎರಡು ಪುಟದ ಟಿಪ್ಪಣಿ ಕೊಟ್ಟು ಶುರು ಮಾಡುವುದು ಮೇಲು.

ಅಣಕು ನ್ಯಾಯಾಲಯವೋ, ಅಣಕು ಅಹವಾಲು ಸಭೆಯೋ

ಅಣಕು ನ್ಯಾಯಾಲಯಕ್ಕೆ ಅಂಕವಿದೆ; ಪರಿಷತ್ತಿನ ನಿಯಮದಲ್ಲೇ ಮೂರು ಅಣಕು ವಾದಗಳಿಗೆ ತಲಾ ಹತ್ತು. ಪರಿಸರದ ವಿಷಯ ಕೊಟ್ಟರೆ ವಿದ್ಯಾರ್ಥಿಗಳು ಉತ್ಸಾಹದಿಂದ ತಯಾರಾಗುತ್ತಾರೆ. ಆದರೆ ಅದು ಎರಡು ಪಕ್ಷಗಳ ಮೇಲ್ಮನವಿ ವಾದ. ಕರಾವಳಿಯ ಯಾವ ಪರಿಸರ ವಿವಾದಕ್ಕೂ ಎರಡೇ ಬದಿ ಇರುವುದಿಲ್ಲ. ಮಲ್ಪೆಯಲ್ಲಿ ಬೆಳಕು ಹಾಯಿಸಿ ಮೀನು ಹಿಡಿಯುವ ವಿವಾದವನ್ನು ತೆಗೆದುಕೊಂಡರೆ ನಾಡದೋಣಿಯವರು, ಪರ್ಸೀನ್ ಬೋಟಿನವರು, ಟ್ರಾಲ್ ಬೋಟಿನವರು, ಮೀನು ಮಾರುವ ಹೆಂಗಸರು, ಇಲಾಖೆ, ಎಲ್ಲರ ಮಾತೂ ಬೇರೆ ಬೇರೆ.

ಇದಕ್ಕೆ ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಲ್ಲಿರುವ ಸಾರ್ವಜನಿಕ ಅಹವಾಲು ಸಭೆಯ ಮಾದರಿ ಹೆಚ್ಚು ಒಗ್ಗುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಕನಿಷ್ಠ 30 ದಿನಗಳ ನೋಟಿಸು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಲಭ್ಯ ಇರಬೇಕೆಂಬ ಷರತ್ತು, ಸಭೆಯ ಕೊನೆಗೆ ನಡಾವಳಿಯ ಸಾರವನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕೆಂಬ ಷರತ್ತು ಇವೆ. ಸೆಮಿನಾರ್ ಹಾಲಿನಲ್ಲಿ ಇದನ್ನೇ ನಡೆಸಿ. ಒಬ್ಬರು ಜಿಲ್ಲಾಧಿಕಾರಿ, ಒಬ್ಬರು ಮಂಡಳಿಯ ಅಧಿಕಾರಿ, ಇಬ್ಬರು ಕಂಪನಿಯ ಕಡೆಯವರು, ಉಳಿದವರು ಪಂಚಾಯತ್ ಸದಸ್ಯರು, ಕುಮ್ಕಿ ಜಾಗ (ತಮ್ಮ ಜಮೀನಿಗೆ ತಾಗಿ ಬಳಸುವ ಸರ್ಕಾರಿ ಜಾಗ) ಹೋಗುವ ಕೃಷಿಕರು, ಕೆಲಸ ಸಿಗಬಹುದೆಂದು ಯೋಜನೆ ಬೇಕೆನ್ನುವ ಯುವಕರು. ಈ ಕೊನೆಯ ಪಾತ್ರವನ್ನು ಬಿಡಲೇಬಾರದು; ಅವರ ಮಾತಿಗೂ ನಿಜವಾದ ತೂಕ ಇದೆ.

ಇದರಲ್ಲಿ ಅತಿ ಕಷ್ಟದ ಪಾತ್ರ ನಡಾವಳಿ ಬರೆಯುವವರದ್ದು. ಸಿಟ್ಟಿನಲ್ಲಿ ಆಡಿದ ಹತ್ತು ನಿಮಿಷದ ಮಾತಿನಿಂದ ಆಕ್ಷೇಪಣೆಯನ್ನು ಹೆಕ್ಕಿ, ಬಣ್ಣ ಕಟ್ಟದೆ, ಕಡಿಮೆಯೂ ಮಾಡದೆ ಎರಡು ವಾಕ್ಯದಲ್ಲಿ ಇಳಿಸಿ, ಸಭೆಗೆ ಓದಿ ಹೇಳಿದಾಗ ಮಾತಾಡಿದವರು ‘ಹೌದು, ನಾನು ಹೇಳಿದ್ದು ಇದೇ’ ಎನ್ನಬೇಕು. ಚುರುಕಾಗಿ ವಾದಿಸುವ ವಿದ್ಯಾರ್ಥಿಗಳು ಇಲ್ಲಿ ತಡವರಿಸುತ್ತಾರೆ, ಹಿಂದಿನ ಬೆಂಚಿನ ಮೌನಿಗಳು ಗೆಲ್ಲುತ್ತಾರೆ.

ಕಾನೂನು ನೆರವಿನ ಕ್ಲಿನಿಕ್

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 4ನೇ ಕಲಂನಲ್ಲಿ ಪರಿಸರ ರಕ್ಷಣೆಗಾಗಿ ಸಾಮಾಜಿಕ ನ್ಯಾಯದ ದಾವೆಗಳ ಪ್ರಸ್ತಾಪವೂ ಇದೆ, ಕಾನೂನು ಕಾಲೇಜುಗಳಲ್ಲಿ ಸೇವಾ ಕ್ಲಿನಿಕ್‌ಗಳನ್ನು ಬೆಳೆಸಬೇಕೆಂಬುದೂ ಇದೆ. ಎರಡನ್ನೂ ಜೋಡಿಸಿದರೆ ಪರಿಸರದ ದೂರುಗಳನ್ನು ಕೇಳುವ ಕ್ಲಿನಿಕ್‌ಗೆ ಬೇರೆ ಅನುಮತಿಯ ಭಾಷೆ ಹುಡುಕಬೇಕಿಲ್ಲ.

ಕೌಶಲದ ದೃಷ್ಟಿಯಿಂದ ಇದಕ್ಕೆ ಸಾಟಿ ಇಲ್ಲ. ಬಾವಿ ನೀರು ಕೆಟ್ಟಿದೆ ಎನ್ನುವ ಮನೆಗೆ ಹೋದ ವಿದ್ಯಾರ್ಥಿ ‘ಅಮ್ಮ, ನಿಮ್ಮ ದೂರೇನು?’ ಎಂದು ಕೇಳಿದರೆ ‘ನೀರು ಕುಡಿಲಿಕ್ಕೆ ಆಗುದಿಲ್ಲ ಮಗಾ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಇದು ಮಳೆ ಹಿಡಿದ ಮೇಲೆ ಆದದ್ದಾ, ಮೊದಲೇ ಇತ್ತಾ? ಪಕ್ಕದ ಮನೆಯವರ ಬಾವಿ ಹೇಗುಂಟು? ಹೋದ ವರ್ಷ ಆಟಿಯಲ್ಲಿ ನೀರಿನ ಬಣ್ಣ ಹೇಗಿತ್ತು?’ ಎಂದು ಕೇಳಿದರೆ ‘ಪತ್ತನಾಜೆ ಕಳೆದು ನಾಲ್ಕು ದಿನಕ್ಕೆ ಎಣ್ಣೆ ತೇಲ್ಲಿಕ್ಕೆ ಶುರುವಾಯ್ತು’ ಎಂಬ ಉತ್ತರ ಬರುತ್ತದೆ. ಆಟಿ ಎಂದರೆ ಮಳೆಗಾಲದ ನಡುವಿನ ತುಳು ತಿಂಗಳು, ಪತ್ತನಾಜೆ ಎಂದರೆ ಮೇ ತಿಂಗಳ ಕೊನೆಯ ವಾರ. ವಿದ್ಯಾರ್ಥಿ ಆ ಉತ್ತರವನ್ನು ತಾರೀಕಿಗೆ ತಿರುಗಿಸಿ ಬರೆದುಕೊಳ್ಳಬೇಕು, ಯಾಕೆಂದರೆ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಂನಡಿ ಅರ್ಜಿಗೆ ವ್ಯಾಜ್ಯಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ಸಕಾರಣ ಇದ್ದರೆ ಮತ್ತೆ ಅರುವತ್ತು ದಿನ. ಪರಿಹಾರ ಕೇಳುವ 15ನೇ ಕಲಂಗಾದರೆ ಐದು ವರ್ಷ. ಅಂಗಳದ ಒಂದು ಪ್ರಶ್ನೆಯಿಂದ ಪ್ರಕರಣ ಉಳಿಯುತ್ತದೆ ಅಥವಾ ಅಳಿಯುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲು ಸಾಧ್ಯವಿಲ್ಲ.

ಆದರೂ ಎಲ್ಲ ಕಾಲೇಜಿಗೂ ಇದನ್ನೇ ಮೊದಲು ಮಾಡಿ ಎಂದು ನಾನು ಹೇಳುವುದಿಲ್ಲ. ಪೂರ್ಣಾವಧಿ ಅಧ್ಯಾಪಕರು ವಕೀಲಿ ವೃತ್ತಿ ನಡೆಸುವಂತಿಲ್ಲ, ವಿದ್ಯಾರ್ಥಿಗಳು ವಕಾಲತ್ತು ಹಾಕುವಂತಿಲ್ಲ. ದೂರು ಕೇಳಿದ ಮೇಲೆ ಅದನ್ನು ಮುಂದೆ ಒಯ್ಯಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರು ಜೊತೆಗಿರಬೇಕು. ಸೆಮಿಸ್ಟರ್ ಮುಗಿದರೂ ಆ ಮನೆಯವರ ತೊಂದರೆ ಮುಗಿಯುವುದಿಲ್ಲ. ಪರೀಕ್ಷೆ ಬಂತೆಂದು ಅವರನ್ನು ನಡುನೀರಿನಲ್ಲಿ ಕೈಬಿಡುವುದು ಅನ್ಯಾಯ. ಕೆಲವು ವಿದ್ಯಾರ್ಥಿಗಳ ಅಪ್ಪನೋ ಅಣ್ಣನೋ ದೂರಿಗೆ ಒಳಗಾದ ಕಾರ್ಖಾನೆಯಲ್ಲೇ ದುಡಿಯುತ್ತಿರುತ್ತಾರೆ ಎಂಬುದನ್ನೂ ಮೊದಲೇ ಯೋಚಿಸಿ, ಅಂಥವರಿಗೆ ಬೇರೆ ಕೆಲಸ ಕೊಡಬೇಕು.

ಸರ್ಟಿಫಿಕೇಟ್ ಕೋರ್ಸ್, ಇಂಟರ್ನ್‌ಶಿಪ್

ಮೂವತ್ತು ತಾಸಿನ ಸರ್ಟಿಫಿಕೇಟ್ ಕೋರ್ಸುಗಳು ಸುಲಭ, ಆದರೆ ಆಸಕ್ತಿ ಇದ್ದವರಷ್ಟೇ ಬರುತ್ತಾರೆ. ನಮಗೆ ತಲುಪಬೇಕಾದದ್ದು ಉಳಿದವರನ್ನು.

ಇಂಟರ್ನ್‌ಶಿಪ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಕಡ್ಡಾಯ. ಎಲ್ಲರೂ ಬೆಂಗಳೂರಿನ ದೊಡ್ಡ ಕಚೇರಿಗಳ ಕಡೆಗೇ ನೋಡುತ್ತಾರೆ. ಆದರೆ ನಿಯಮದ ಪಟ್ಟಿಯಲ್ಲಿ ಸ್ಥಳೀಯ ಸಂಸ್ಥೆಗಳೂ ಇವೆ. ಕಾರ್ಕಳದ ನಿಟ್ಟೆ ಪಂಚಾಯತಿನಲ್ಲಿ ಒಣಕಸ ವಿಂಗಡಿಸುವ ಎಂಆರ್‌ಎಫ್ ಘಟಕವಿದೆ. ಅಕ್ಕಪಕ್ಕದ ಪಂಚಾಯತಿಗಳ ಕಸ ಒಂದು ಕಡೆ ಬಂದು ಸೇರಬೇಕಾದರೆ ಕರಾರು, ಶುಲ್ಕ, ನಡೆಸುವವರ ಹೊಣೆ ಎಲ್ಲವನ್ನೂ ಕಾಗದದಲ್ಲಿ ಕಟ್ಟಬೇಕು. ಪ್ರತಿ ಪಂಚಾಯತಿಗೂ 2002ರ ಜೀವವೈವಿಧ್ಯ ಕಾಯ್ದೆಯಡಿ ಒಂದು ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಾಲ್ಕು ವಾರ ಪಂಚಾಯತಿಯಲ್ಲಿ ಕೂತು ಪಿಡಿಒ ಜೊತೆ ಆ ದಾಖಲಾತಿಯನ್ನು ಓದಿ, ನಾಗಬನಗಳು ಅದರಲ್ಲಿ ಸೇರಿವೆಯೇ ಎಂದು ನೋಡಿದವರು ಕಲಿಯುವುದು ಸಣ್ಣದಲ್ಲ.

ನನ್ನ ಆಯ್ಕೆ: ಡ್ರಾಫ್ಟಿಂಗ್ ಪೇಪರ್

ಎಲ್ಲರ ಕಣ್ಣಿಗೂ ಬೀಳದೆ ಉಳಿದ ಜಾಗ ಇದು. ಪರಿಷತ್ತಿನ ನಿಯಮದಲ್ಲಿ ಡ್ರಾಫ್ಟಿಂಗ್, ಪ್ಲೀಡಿಂಗ್, ಕನ್ವೆಯನ್ಸಿಂಗ್ ಎಂಬ ಕ್ಲಿನಿಕಲ್ ಪೇಪರಿಗೆ ಹದಿನೈದು ಕರಡು ಅಭ್ಯಾಸಗಳು, ತಲಾ ಮೂರರಂತೆ 45 ಅಂಕ. ಕನ್ವೆಯನ್ಸಿಂಗ್, ಅಂದರೆ ಆಸ್ತಿ ಪತ್ರ, ಕರಾರು ಬರೆಯುವ ಹದಿನೈದು ಅಭ್ಯಾಸಗಳು, ಮತ್ತೆ 45. ಮೌಖಿಕ ಪರೀಕ್ಷೆಗೆ 10. ಪ್ರತಿ ವಿದ್ಯಾರ್ಥಿಯೂ ಬರೆಯಲೇಬೇಕು, ಅಂಕ ಇದ್ದೇ ಇದೆ, ಹೊಸ ಅನುಮತಿ ಬೇಡ. ಈ ಮೂವತ್ತರಲ್ಲಿ ಎಂಟನ್ನೋ ಹತ್ತನ್ನೋ ಒಂದೇ ಊರಿನ ಒಂದೇ ಕಡತದಿಂದ ಹುಟ್ಟಿಸಿದರೆ ಸಾಕು. ಮಾಹಿತಿ ಹಕ್ಕಿನ ಅರ್ಜಿ, ಮಂಡಳಿಗೆ ದೂರು, 152ನೇ ಕಲಂನಡಿ ಅರ್ಜಿ, ಅಹವಾಲು ಸಭೆಗೆ ಲಿಖಿತ ಆಕ್ಷೇಪಣೆ, ಹಸಿರು ನ್ಯಾಯಮಂಡಳಿಗೆ ಅರ್ಜಿ. ಕನ್ವೆಯನ್ಸಿಂಗ್‌ನಲ್ಲಿ ಎರಡು ಮನೆ ಹಂಚಿಕೊಳ್ಳುವ ಬಾವಿಯ ಒಪ್ಪಂದ, ಐಸ್ ಪ್ಲಾಂಟಿಗೆ ಕೊಡುವ ಜಾಗದ ಲೀಸಿನಲ್ಲಿ ಕೊಳಚೆ ನೀರಿನ ಷರತ್ತು, ತಾರಸಿಯ ಮೇಲಿನ ಸೌರ ಫಲಕಗಳಿಗೆ ಬಾಡಿಗೆ ಕರಾರು.

ಒಂದು ಅಭ್ಯಾಸ ಹೇಗೆ ಸಾಗುತ್ತದೆ ಎಂದು ತೋರಿಸುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಯ ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: ‘ನಮ್ಮ ತೋಡಿಗೆ ಕೊಳಚೆ ಬಿಡುತ್ತಿದ್ದರೂ ಮಂಡಳಿ ಏಕೆ ಸುಮ್ಮನಿದೆ?’ ಸಂಕಟ ನಿಜ. ಆದರೆ ಈ ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆ ಮಾತ್ರ, ‘ಏಕೆ’ಗೆ ಉತ್ತರ ಸಿಗದು. ತಿದ್ದಿದ ಕರಡಿನಲ್ಲಿ ಇಂಥ ಸರ್ವೇ ನಂಬರಿನ ಘಟಕಕ್ಕೆ ಜಲ ಕಾಯ್ದೆಯಡಿ ಕೊಟ್ಟ ಚಾಲನಾ ಸಮ್ಮತಿಯ ಪ್ರತಿ, ಷರತ್ತುಗಳ ಸಮೇತ; ಎರಡು ವರ್ಷದ ಸ್ಥಳ ತನಿಖಾ ವರದಿಗಳು; ನೀರಿನ ಮಾದರಿಯ ಪ್ರಯೋಗಾಲಯ ವರದಿಗಳು, ಮಾದರಿ ತೆಗೆದ ದಿನಾಂಕದೊಂದಿಗೆ ಎಂದಿರುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಆ 150 ಪದದ ಮಿತಿಯೇ ಒಳ್ಳೆಯ ಮೇಷ್ಟ್ರು: ಏನು ಬೇಕೆಂದು ಗೊತ್ತಿಲ್ಲದವರಿಗೆ ಅಷ್ಟರಲ್ಲಿ ಬರೆಯಲಾಗುವುದಿಲ್ಲ. ಬಂದ ಉತ್ತರದಿಂದ ಮುಂದಿನ ದೂರು, ದೂರಿಗೆ ಬಂದ ಮೌನದಿಂದ ಅದರ ಮುಂದಿನ ಅರ್ಜಿ. ಹೀಗೆ ಬಿಡಿ ಅಭ್ಯಾಸಗಳು ಒಂದೇ ಎಳೆಯಲ್ಲಿ ಪೋಣಿಸಿಕೊಳ್ಳುತ್ತವೆ.

ಇದಕ್ಕೂ ಮಿತಿ ಇದೆ. ಕಾಗದದ ಆಚೆಗಿನ ಮನುಷ್ಯ ಇದರಲ್ಲಿ ಕಾಣುವುದು ಕಡಿಮೆ. ತಿದ್ದುವ ಕೆಲಸವೂ ಅಧ್ಯಾಪಕರ ಮೇಲೆ ಬೀಳುತ್ತದೆ. ಅರುವತ್ತು ಮಂದಿಯ ತರಗತಿಯಲ್ಲಿ ಪ್ರತಿ ಕರಡನ್ನೂ ತಿದ್ದಲಾಗದು. ಮೊದಲ ಕರಡನ್ನು ವಿದ್ಯಾರ್ಥಿಗಳೇ ಜೋಡಿಯಾಗಿ ತಿದ್ದಿಕೊಳ್ಳಲಿ, ಎರಡನೆಯದು ನಿಮ್ಮ ಮೇಜಿಗೆ ಬರಲಿ.

ಹಾಗಾದರೆ ಯಾರಿಗೆ ಯಾವುದು? ಆಸಕ್ತಿ ಇರುವ ಅಧ್ಯಾಪಕರು ನೀವೊಬ್ಬರೇ ಆಗಿದ್ದರೆ ಡ್ರಾಫ್ಟಿಂಗ್ ಪೇಪರಿನಿಂದ ತೊಡಗಿ, ಸೆಮಿಸ್ಟರಿನಲ್ಲಿ ಒಂದು ಅಣಕು ಅಹವಾಲು ಸಭೆ ಸೇರಿಸಿ. ಜೊತೆಗೆ ಇಬ್ಬರು ಸಿಕ್ಕರೆ ಆಸ್ತಿ ಮತ್ತು ಕಂಪನಿ ಕಾನೂನಿಗೆ ಬೆರೆಸಿ. ಜಿಲ್ಲಾ ಪ್ರಾಧಿಕಾರದ ಜೊತೆ ಒಳ್ಳೆಯ ಒಡನಾಟ ಇದ್ದು, ಒಬ್ಬ ಪ್ಯಾನೆಲ್ ವಕೀಲರು ವರ್ಷವಿಡೀ ಬೆನ್ನಿಗಿರಲು ಒಪ್ಪಿದರೆ ಮಾತ್ರ ಕ್ಲಿನಿಕ್‌ಗೆ ಕೈಹಾಕಿ. ಆಗ ಸಂದರ್ಶನದ ಡೈರಿಗೂ ಅಂಕ ಸಿಗುತ್ತದೆ, ಅಣಕು ನ್ಯಾಯಾಲಯದ ಪೇಪರಿನಲ್ಲೇ ಅದಕ್ಕೆ 15 ಅಂಕ ಇದೆ. ವಿದ್ಯಾರ್ಥಿಯಾಗಿದ್ದರೆ ಯಾರನ್ನೂ ಕಾಯಬೇಕಿಲ್ಲ. ಮುಂದಿನ ಇಂಟರ್ನ್‌ಶಿಪ್ಪಿನ ನಾಲ್ಕು ವಾರ ನಿಮ್ಮೂರಿನ ಪಂಚಾಯತಿಗೆ ಕೊಡಿ.

ಮೊದಲ ವರ್ಷಕ್ಕೆ ಕಡತ ಆರಿಸುವಾಗ ನಡೆಯುತ್ತಿರುವ ಜಗಳವನ್ನು ಮುಟ್ಟದೆ, ಆದೇಶ ಬಂದಿರುವ ಪ್ರಕರಣವನ್ನು ತೆಗೆದುಕೊಳ್ಳಿ. ಉಡುಪಿಯವರಿಗೆ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಕರಣ ಹತ್ತಿರದ್ದು. ವರ್ಷಗಟ್ಟಲೆ ಊರವರು ನಡೆಸಿದ ಹೋರಾಟದ ಮೇಲೆ 2022ರಲ್ಲಿ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟುವಂತೆ ಆದೇಶಿಸಿತು. ಮಂಗಳೂರಿನವರಿಗೆ ಪಚ್ಚನಾಡಿ ಇದೆ. ಆದೇಶದ ಪ್ರತಿ ತೆಗೆದು ಕೊನೆಯಿಂದ ಮೊದಲಿನ ಕಡೆಗೆ ಓದಿಸಿ: ಕೊನೆಯ ನಿರ್ದೇಶನಕ್ಕೆ ಯಾವ ವರದಿ ಆಧಾರ, ಆ ವರದಿ ತರಿಸಿದ್ದು ಯಾರ ಅರ್ಜಿ, ಆ ಅರ್ಜಿಯಲ್ಲಿ ಇದ್ದ ಯಾವ ವಾಕ್ಯ ಕೆಲಸ ಮಾಡಿತು. ಆಮೇಲೆ ಆ ವಾಕ್ಯವನ್ನು ಮುಚ್ಚಿಟ್ಟು, ಅದನ್ನೇ ಹೊಸದಾಗಿ ಬರೆಯಲು ಹೇಳಿ.